ಸಾಂತಿ ಕ್ವಾತ್ರೋ ಕೊರೊನಾತಿ, ರೋಮ್: ಚಕ್ರವರ್ತಿ ಪೋಪರ ಕುದುರೆ ಹಿಡಿದು ನಡೆದ ಗೋಡೆ

ಮೊದಲೇ ಹೇಳಿಬಿಡುತ್ತೇನೆ. ಮಧ್ಯಯುಗದ ಪೋಪರು ತಮ್ಮ ಅಧಿಕಾರ ಎಷ್ಟು ದೊಡ್ಡದು ಅಂತ ನಂಬಿದ್ದರು ಎನ್ನುವುದನ್ನು ಒಂದೇ ಕಡೆ ನಿಂತು ನೋಡಬೇಕಾದರೆ, ಸಂತ ಪೇತ್ರರ ಮಹಾದೇವಾಲಯಕ್ಕಿಂತ ಈ ಪುಟ್ಟ ಪ್ರಾರ್ಥನಾಲಯವೇ ವಾಸಿ. ಇದು ಸಂತ ಸಿಲ್ವೆಸ್ಟರ್ ಪ್ರಾರ್ಥನಾಲಯ. ಇರುವುದು ಸಾಂತಿ ಕ್ವಾತ್ರೋ ಕೊರೊನಾತಿ ಎಂಬ ಹಳೇ ಚರ್ಚು ಮತ್ತು ಕನ್ಯಾಮಠದ ಆವರಣದಲ್ಲಿ, ಕೊಲೋಸಿಯಂನಿಂದ, ಹಿಂದೆ ಪೋಪರ ಅರಮನೆಯಿದ್ದ ಲ್ಯಾಟರನ್ ಕಡೆ ಹೋಗುವ ಏರಿನಲ್ಲಿ. ನನ್ನ ಲೆಕ್ಕದಲ್ಲಿ ಐದಕ್ಕೆ ಐದು. ಆದರೆ ಕಥೆ ಗೊತ್ತಿಲ್ಲದೆ ಒಳಗೆ ಹೋದವರು ಹಳೇ ಚಿತ್ರ ನೋಡಿದೆವು ಅಂತ ಹತ್ತು ನಿಮಿಷಕ್ಕೆ ಹೊರಗೆ ಬಂದುಬಿಡುತ್ತಾರೆ. ಹಾಗಾಗಬಾರದು ಅಂತಲೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು, ಕಥೋಲಿಕಳು. ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದೆ. ಪೋಪರಿಗೂ ಚಕ್ರವರ್ತಿಗಳಿಗೂ ನಡೆದ ಜಗಳ ನನ್ನ ಇಷ್ಟದ ಪಾಠವಾಗಿತ್ತು. ಅಕ್ಕನ ಮಗಳು ರೋಮ್‌ನಲ್ಲಿ ನರ್ಸ್. ಅವಳ ಮನೆಗೆ ಹೋಗಿದ್ದಾಗ ಮೊದಲು ಕೇಳಿದ್ದೇ ಈ ಜಾಗವನ್ನು. ಅವಳಿಗೆ ಇದರ ಹೆಸರೇ ಗೊತ್ತಿರಲಿಲ್ಲ. ರೋಮ್‌ನಲ್ಲಿ ಎಷ್ಟೋ ವರ್ಷ ಇದ್ದವರಿಗೂ ಗೊತ್ತಿರುವುದಿಲ್ಲವಂತೆ.

ನಾವು ಮೊದಲು "ಮಧ್ಯಯುಗದ ರೋಮ್" ಅಂತ ಒಂದು ನಡಿಗೆ ಪ್ರವಾಸಕ್ಕೆ ದುಡ್ಡು ಕಟ್ಟಿದ್ದೆವು. ಹೆಸರು ಬೇಡ. ಆ ಗೈಡ್ ಹುಡುಗ ಒಳ್ಳೆಯವನೇ, ಮಾತೂ ಚೆನ್ನಾಗಿ ಆಡುತ್ತಿದ್ದ. ಆದರೆ ನಮ್ಮನ್ನು ಇಲ್ಲಿಗೆ ಕರೆತಂದಾಗ ಮಠದ ಬಾಗಿಲು ಮುಚ್ಚುವ ಹೊತ್ತು. ಒಳಗೆ ಬಿಟ್ಟ ಸ್ವಲ್ಪ ಹೊತ್ತಿನಲ್ಲಿ, "ಇದು ಕಾನ್‌ಸ್ಟಂಟೈನ್ ಕ್ರೈಸ್ತನಾದ ಕಥೆ" ಅಂತ ಒಂದೇ ಮಾತು ಹೇಳಿ ಮುಗಿಸಿದ. ಕಾನ್‌ಸ್ಟಂಟೈನ್ ಅಂದರೆ ನಾಲ್ಕನೇ ಶತಮಾನದ ರೋಮನ್ ಚಕ್ರವರ್ತಿ. ಇಲ್ಲಿ ಅವನು ಕ್ರೈಸ್ತನಾಗುವುದು ಕಥೆಯ ಅರ್ಧ ಅಷ್ಟೇ. ದೀಕ್ಷಾಸ್ನಾನದ ನಂತರದ ಎರಡು ಚಿತ್ರಗಳಿಗಾಗಿಯೇ ಉಳಿದವನ್ನೆಲ್ಲ ಬರೆಸಿರುವುದು. ಅವುಗಳ ಮುಂದೆ ಅವನು ನಿಲ್ಲಲೇ ಇಲ್ಲ. ಹಾಗಾಗಿ ನಾವಿಬ್ಬರೇ ಮತ್ತೆ ಬೆಳಿಗ್ಗೆ ಹೋದೆವು. ನೀವೂ ಗುಂಪಿನ ಜೊತೆ ಹೋಗಬೇಡಿ, ನಿಮ್ಮಷ್ಟಕ್ಕೆ ಹೋಗಿ.

ದಾರಿ ಸುಲಭ. ಕೊಲೋಸಿಯಂ ಮೆಟ್ರೋದಲ್ಲಿ ಇಳಿದು, ಸಾನ್ ಕ್ಲೆಮೆಂತೆ ಚರ್ಚನ್ನು ದಾಟಿ ಏರು ಹತ್ತಬೇಕು. ಮಂಡಿ ನೋವಿದ್ದವರು ನಿಧಾನ, ಕಲ್ಲು ಹಾಸಿನ ಏರು. ಮೇಲೆ ಕಾಣುವುದು ಚರ್ಚಿನ ಮುಖ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಎತ್ತರದ ದಪ್ಪ ಗೋಡೆ, ಒಂದು ಕುಳ್ಳು ಗಂಟೆ ಗೋಪುರ, ಅದರ ಕೆಳಗೆ ಬಾಗಿಲು. ಕೋಟೆ ಥರ ಇದೆ. ನಿಜವಾಗಿಯೂ ಕೋಟೆಯಾಗಿಯೇ ಬಳಸಿದ್ದರು, ಅದಕ್ಕೆ ಆಮೇಲೆ ಬರುತ್ತೇನೆ.

ಒಳಗೆ ಒಂದು ಅಂಗಳ, ಅದರ ಹಿಂದೆ ಇನ್ನೊಂದು ಅಂಗಳ, ಆಮೇಲೆ ಚರ್ಚು. ಎರಡನೇ ಅಂಗಳದಲ್ಲಿ ಒಂದು ನಿಮಿಷ ನಿಂತು ಗೋಡೆ ನೋಡಿ. ಗೋಡೆಯೊಳಗೆ ಹುದುಗಿದ ಹಳೇ ಕಂಬಗಳು ಕಾಣುತ್ತವೆ. ಮೊದಲು ಚರ್ಚು ಇಲ್ಲಿಯವರೆಗೂ ಇತ್ತು. 1084ರಲ್ಲಿ ಸುಟ್ಟುಹೋಯಿತು. ಸುಟ್ಟವರು ಯಾರು ಗೊತ್ತಾ? ಪೋಪರನ್ನು ಕಾಪಾಡಲು ಬಂದ ಸೈನ್ಯವೇ. ಆಗಿನ ಪೋಪ್ ಏಳನೇ ಗ್ರೆಗೊರಿ ಚಕ್ರವರ್ತಿಗಳನ್ನು ಪಟ್ಟದಿಂದ ಇಳಿಸುವ ಹಕ್ಕು ಪೋಪರಿಗಿದೆ ಅಂತ 1075ರಲ್ಲಿ ಬರೆಸಿದ್ದರು. ಜರ್ಮನಿಯ ರಾಜ ನಾಲ್ಕನೇ ಹೆನ್ರಿ ರೋಮಿಗೇ ಬಂದು ಅವರನ್ನು ಸಾಂತ್ ಆಂಜೆಲೋ ಕೋಟೆಯಲ್ಲಿ ಮುತ್ತಿದ. ಬಿಡಿಸಲು ನಾರ್ಮನ್ ದೊರೆ ರಾಬರ್ಟ್ ಗಿಸ್ಕಾರ್ಡ್ ಬಂದ. ಬಿಡಿಸಿದ, ಜೊತೆಗೆ ಊರನ್ನೂ ಸೂರೆ ಮಾಡಿದ. ಗ್ರೆಗೊರಿ ಆ ಸೈನ್ಯದ ಜೊತೆಗೇ ರೋಮ್ ಬಿಟ್ಟು ಹೋಗಿ ಮರುವರ್ಷ ಸಲೆರ್ನೋದಲ್ಲಿ ತೀರಿಕೊಂಡರು. ಆಮೇಲೆ ಪೋಪ್ ಎರಡನೇ ಪಾಸ್ಕಲ್ ಚರ್ಚನ್ನು ಚಿಕ್ಕದಾಗಿ ಕಟ್ಟಿಸಿ 1116ರಲ್ಲಿ ಪ್ರತಿಷ್ಠೆ ಮಾಡಿದರು. ಪೀಠದ ಹಿಂದಿನ ಅರ್ಧವೃತ್ತ ಮಾತ್ರ ಹಳೇ ಅಳತೆಯದ್ದೇ ಉಳಿಯಿತು, ಹಾಗಾಗಿ ಚರ್ಚಿನೊಳಗೆ ಅದು ದೊಡ್ಡದಾಯಿತು ಅನ್ನಿಸುತ್ತದೆ. ಪಾಠದಲ್ಲಿ ಎಷ್ಟು ಹೇಳಿದರೂ ಮಕ್ಕಳಿಗೆ ಇದು ಮುಟ್ಟುತ್ತಿರಲಿಲ್ಲ. ಇಲ್ಲಿ ಆ ಕಂಬಗಳನ್ನು ನೋಡಿದರೆ ಸಾಕು.

ಈಗ ಪ್ರಾರ್ಥನಾಲಯಕ್ಕೆ. ಮಠದ ಕಡೆಯ ಬಾಗಿಲಲ್ಲಿ ಗಂಟೆ ಒತ್ತಬೇಕು. ಹದಿನಾರನೇ ಶತಮಾನದಿಂದ ಇಲ್ಲಿ ಅಗಸ್ತೀನ್ ಸಭೆಯ ಸಿಸ್ಟರ್‌ಗಳು ಇದ್ದಾರೆ. ಕಂಬಿಯ ಹಿಂದೆ ಒಬ್ಬರು ಸಿಸ್ಟರ್ ಬರುತ್ತಾರೆ, ಒಂದಿಷ್ಟು ನಾಣ್ಯ ಕಾಣಿಕೆ ಕೊಟ್ಟರೆ ಬಾಗಿಲು ತೆಗೆಯುತ್ತಾರೆ. ಚಿಲ್ಲರೆ ಇಟ್ಟುಕೊಂಡೇ ಹೋಗಿ. ನಮ್ಮ ಹುಡುಗಿ ಇಟಾಲಿಯನ್‌ನಲ್ಲಿ ನಮಸ್ಕಾರ ಹೇಳಿದ್ದಕ್ಕೆ ಆ ವಯಸ್ಸಾದ ಸಿಸ್ಟರ್ ಎಲ್ಲಿಯವರು ಅಂತ ವಿಚಾರಿಸಿದರು. ಇಂಡಿಯಾ ಅಂದಾಗ ಮುಖ ಅರಳಿತು. ಈಗ ಯುರೋಪಿನ ಎಷ್ಟೋ ಮಠಗಳಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಇದ್ದಾರಲ್ವಾ.

ಒಳಗೆ ಒಂದು ಸಣ್ಣ ಕೋಣೆ. ಕಮಾನಿನ ಚಾವಣಿ, ಬಣ್ಣದ ಕಲ್ಲು ಕೂಡಿಸಿದ ನೆಲ, ಗೋಡೆಯ ಸುತ್ತ ಸಾಲಾಗಿ ಚಿತ್ರ. ಬರೆದದ್ದು 1246-47ರ ಸುಮಾರಿಗೆ. ಎಂಟುನೂರು ವರ್ಷಕ್ಕೆ ಹತ್ತಿರವಾದರೂ ಬಣ್ಣ ಇನ್ನೂ ಗಟ್ಟಿಯಾಗಿದೆ. ಮೊದಲು ಒಳಗೆ ಬಂದ ಬಾಗಿಲಿನ ಕಡೆಗೇ ತಿರುಗಿ ಮೇಲೆ ನೋಡಿ. ಕೊನೆಯ ತೀರ್ಪಿನ ದಿನ. ನಡುವೆ ಕ್ರಿಸ್ತರು, ಎರಡೂ ಕಡೆ ಪ್ರೇಷಿತರು, ಅಂದರೆ ಅವರ ಮುಖ್ಯ ಶಿಷ್ಯರು. ಮೇಲಿನ ಮೂಲೆಯಲ್ಲಿ ಒಬ್ಬ ದೇವದೂತ ನಕ್ಷತ್ರಗಳ ಸಮೇತ ಆಕಾಶವನ್ನೇ ಸುರುಳಿ ಸುತ್ತುತ್ತಿದ್ದಾನೆ. ಈ ತೀರ್ಪಿನ ಚಿತ್ರವನ್ನು ಅಲ್ಲಿ ಇಟ್ಟಿರುವುದು ಸುಮ್ನೆ ಅಲ್ಲ. ಕೆಳಗಿನ ಕಥೆಯಲ್ಲಿ ಭೂಮಿಯ ರಾಜ ಬಾಗುತ್ತಾನೆ, ಮೇಲೆ ಎಲ್ಲರಿಗೂ ತೀರ್ಪು ಹೇಳುವವರು ಕೂತಿದ್ದಾರೆ. ಪೋಪ್ ತೀರ್ಪು ಹೇಳುವುದು ಅವರ ಪರವಾಗಿ. ಕೋಣೆಯ ವಾದವೇ ಇದು.

ಕಥೆ ಹೀಗೆ ಹೋಗುತ್ತದೆ. ಕಾನ್‌ಸ್ಟಂಟೈನ್‌ಗೆ ಕುಷ್ಠ. ಮುಖದ ತುಂಬ ಕೆಂಪು ಚುಕ್ಕೆ. ಮಕ್ಕಳ ರಕ್ತದಲ್ಲಿ ಸ್ನಾನ ಮಾಡು ಅಂತ ಹಳೇ ಪೂಜಾರಿಗಳು ಹೇಳಿರುತ್ತಾರೆ. ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಅವನ ಮುಂದೆ ಬಂದು ಅಳುತ್ತಾರೆ, ಅವನು ಮನಸ್ಸು ಕರಗಿ ಬೇಡ ಅನ್ನುತ್ತಾನೆ. ರಾತ್ರಿ ಕನಸಿನಲ್ಲಿ ಸಂತ ಪೇತ್ರರೂ ಸಂತ ಪೌಲರೂ ಬರುತ್ತಾರೆ. ದೂತರು ಕುದುರೆ ಹತ್ತಿ ರೋಮಿನ ಉತ್ತರಕ್ಕಿರುವ ಸೊರಾತ್ತೆ ಬೆಟ್ಟಕ್ಕೆ ಓಡುತ್ತಾರೆ, ಅಡಗಿಕೊಂಡಿದ್ದ ಪೋಪ್ ಸಿಲ್ವೆಸ್ಟರ್ ಅವರನ್ನು ಕರೆತರುತ್ತಾರೆ. ಸಿಲ್ವೆಸ್ಟರ್ ಇಬ್ಬರು ಪ್ರೇಷಿತರ ಚಿತ್ರಪಟ ತೋರಿಸಿದಾಗ, ಕನಸಿನಲ್ಲಿ ಬಂದವರು ಇವರೇ ಅಂತ ರಾಜ ಗುರುತು ಹಿಡಿಯುತ್ತಾನೆ. ಆಮೇಲೆ ದೀಕ್ಷಾಸ್ನಾನ. ತೊಟ್ಟಿಯೊಳಗೆ ಚಕ್ರವರ್ತಿ ಬರಿಮೈಯಲ್ಲಿ ನಿಂತಿದ್ದಾನೆ. ಅವನ ಮೈಮೇಲಿನ ಚುಕ್ಕೆ ಹೋಗಿದೆ.

ಇಲ್ಲಿಂದ ಮುಂದಿನ ಎರಡು ಚಿತ್ರಕ್ಕೆ ಬಂದಾಗ ನಿಧಾನ ಮಾಡಿ.

ಮೊದಲನೆಯದರಲ್ಲಿ ಪೋಪ್ ಆಸನದಲ್ಲಿ ಕೂತಿದ್ದಾರೆ, ಹಿಂದೆ ಬಿಷಪ್ಪರ ಸಾಲು. ಚಕ್ರವರ್ತಿ ಬಾಗಿ ಎತ್ತರದ ಶಂಕುವಿನಂಥ ಕಿರೀಟ, ಅಂದರೆ ಟಿಯಾರಾ, ಒಪ್ಪಿಸುತ್ತಿದ್ದಾನೆ. ಅವನ ಹಿಂದೆ ಪರಿವಾರ, ಬಿಳಿ ಕುದುರೆ, ಮತ್ತೆ ಒಂದು ಕೊಡೆ. ಆ ಕೊಡೆಯನ್ನು ಯಾಕೆ ಬರೆದಿದ್ದಾರೆ ಅಂತ ನಮ್ಮ ಜೊತೆಗಿದ್ದ ಒಬ್ಬ ಜರ್ಮನ್ ಹೆಂಗಸು ಕೇಳಿದಳು. ಮೈಸೂರಿನವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ದಸರಾ ಚಿತ್ರಗಳಲ್ಲಿ ಅರಸರ ತಲೆಯ ಮೇಲಿನ ಶ್ವೇತಛತ್ರ ನೋಡಿ ಬೆಳೆದವರು ನಾವು. ಛತ್ರ ಯಾರ ಕಡೆ ಹೋಯಿತೋ ರಾಜತನ ಆ ಕಡೆ ಹೋಯಿತು, ಅಷ್ಟೇ.

ಎರಡನೆಯದರಲ್ಲಿ ಪೋಪ್ ಟಿಯಾರಾ ಧರಿಸಿ ಕುದುರೆ ಮೇಲೆ ಕೂತಿದ್ದಾರೆ. ಜಗತ್ತಿನ ಚಕ್ರವರ್ತಿ ಕಾಲ್ನಡಿಗೆಯಲ್ಲಿ ಲಗಾಮು ಹಿಡಿದು ಮುಂದೆ ನಡೆಯುತ್ತಿದ್ದಾನೆ, ಕುದುರೆ ಲಾಯದ ಆಳು ನಡೆಯುವ ಹಾಗೆ. ಅವನ ಮುಖದಲ್ಲಿ ಅವಮಾನ ಇಲ್ಲ, ಸಿಟ್ಟೂ ಇಲ್ಲ. ಚಿತ್ರ ಬರೆದವನು ಅದನ್ನು ಸಹಜ ಕೆಲಸದ ಹಾಗೆ ಬರೆದಿದ್ದಾನೆ. ನನಗೆ ಜಾಸ್ತಿ ತಟ್ಟಿದ್ದು ಅದೇ. ಹೀಗೆಯೇ ಇರಬೇಕು, ಇದರಲ್ಲಿ ವಾದ ಏನಿದೆ ಅನ್ನುವ ಶಾಂತಿ ಆ ಗೋಡೆಯ ಮೇಲಿದೆ.

"ಚಿಕ್ಕಮ್ಮ, ಇದು ನಿಜವಾಗಿ ನಡೆದಿದ್ದಾ?" ಅಂತ ಕೇಳಿದಳು ನಮ್ಮ ಹುಡುಗಿ.

"ಇಲ್ಲ ಕಣೇ."

"ಯಾವುದೂ ಇಲ್ವಾ?"

"ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದಿದ್ದು 337ರಲ್ಲಿ, ಸಾಯುವ ಹೊತ್ತಿಗೆ, ಪೂರ್ವದ ಕಡೆ ನಿಕೊಮೀಡಿಯಾದ ಹತ್ತಿರ. ಅಷ್ಟರಲ್ಲಿ ಸಿಲ್ವೆಸ್ಟರ್ ತೀರಿಕೊಂಡು ಸುಮಾರು ಒಂದೂವರೆ ವರ್ಷ ಆಗಿತ್ತು."

ಅವಳಿಗೆ ನಿಜಕ್ಕೂ ಬೇಜಾರಾಯಿತು. "ಹಾಗಾದರೆ ಚಾಪೆಲ್ ಗೋಡೆ ಮೇಲೆ ಸುಳ್ಳು ಬರೆಸಿದ್ದಾರಾ?" ಅಂದಳು. ಅವಳ ಪ್ರಶ್ನೆ ನ್ಯಾಯದ್ದೇ, ಆದರೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ.

ಬರೆಸಿದವರು ಅದನ್ನು ನಿಜ ಅಂತಲೇ ತಿಳಿದಿದ್ದರು. "ಕಾನ್‌ಸ್ಟಂಟೈನನ ದಾನ" ಅನ್ನುವ ಪತ್ರ ಅದಕ್ಕೂ ಕೆಲವು ನೂರು ವರ್ಷ ಮೊದಲೇ, ಎಂಟು ಅಥವಾ ಒಂಬತ್ತನೇ ಶತಮಾನದಲ್ಲಿ, ಹುಟ್ಟಿಕೊಂಡಿತ್ತು. ಸಿಲ್ವೆಸ್ಟರ್ ಚಿನ್ನದ ಕಿರೀಟ ಬೇಡ ಅಂದರು, ಆಗ ಚಕ್ರವರ್ತಿ ತನ್ನ ಕೈಯಾರೆ ಬಿಳಿ ಟೊಪ್ಪಿಗೆ ತೊಡಿಸಿ ಕುದುರೆಯ ಲಗಾಮು ಹಿಡಿದ ಅಂತ ಅದರಲ್ಲಿ ಇದೆ. ಅದು ನಕಲಿ ಅಂತ ಇಟಲಿಯ ವಿದ್ವಾಂಸ ಲೊರೆಂಜೋ ವಾಲ್ಲಾ ಭಾಷೆಯ ಆಧಾರದ ಮೇಲೆ ತೋರಿಸಿಕೊಟ್ಟಿದ್ದು 1440ರಲ್ಲಿ, ಈ ಚಿತ್ರ ಬರೆದು ಸುಮಾರು ಇನ್ನೂರು ವರ್ಷ ಆದ ಮೇಲೆ. ನಾಲ್ಕನೇ ಶತಮಾನದಲ್ಲಿ ಇಲ್ಲದ ಪದಗಳು ಆ ಪತ್ರದಲ್ಲಿದ್ದವು.

ಲಗಾಮು ಹಿಡಿಯುವುದು ಮಾತ್ರ ಬರೀ ಕಥೆಯಾಗಿ ಉಳಿಯಲಿಲ್ಲ. 754ರಲ್ಲಿ ಫ್ರಾಂಕರ ರಾಜ ಪೆಪಿನ್ ಪೋಪ್ ಎರಡನೇ ಸ್ಟೀಫನ್ ಅವರ ಕುದುರೆಯ ಪಕ್ಕ ನಡೆದಿದ್ದ. 1155ರಲ್ಲಿ ಜರ್ಮನಿಯ ರಾಜ ಫ್ರೆಡ್ರಿಕ್ ಬಾರ್ಬರೋಸಾ ರೋಮಿನ ಹತ್ತಿರ ಸುತ್ರಿಯಲ್ಲಿ ಪೋಪ್ ನಾಲ್ಕನೇ ಏಡ್ರಿಯನ್ ಅವರನ್ನು ಕಂಡಾಗ ಕುದುರೆ ಹಿಡಿಯುವುದಿಲ್ಲ ಅಂತ ಕೂತ. ಪೋಪರು ಅವನಿಗೆ ಶಾಂತಿಯ ಮುತ್ತು ಕೊಡಲಿಲ್ಲ. ಹಳೇ ಪದ್ಧತಿ ಏನಿತ್ತು ಅಂತ ವಾದ ನಡೆದು, ಕೊನೆಗೆ ಅವನು ಹಿಡಿದ. ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ಗಲಾಟೆಯಾ ಅನ್ನಿಸಬಹುದು. ಕುದುರೆ ಹಿಡಿದವನು ಸೇವಕ, ಕೂತವನು ಒಡೆಯ ಅಂತ ಊರೆಲ್ಲ ನೋಡುತ್ತಿರುತ್ತದೆ. ಅಲ್ಲಿ ಮಾತೇ ಬೇಕಿಲ್ಲ.

ಈಗ ಯಾರು ಬರೆಸಿದರು, ಯಾವಾಗ ಅನ್ನುವುದನ್ನು ನೋಡಿ. ಆಗ ಪೋಪ್ ನಾಲ್ಕನೇ ಇನ್ನೊಸೆಂಟ್. ಚಕ್ರವರ್ತಿ ಎರಡನೇ ಫ್ರೆಡ್ರಿಕ್. ಇನ್ನೊಸೆಂಟ್ 1244ರಲ್ಲಿ ಇಟಲಿ ಬಿಟ್ಟು ಫ್ರಾನ್ಸ್ ಕಡೆಯ ಲಿಯೋನ್‌ಗೆ ಹೋಗಿ ಸೇರಿದರು. 1245ರ ಜುಲೈನಲ್ಲಿ ಅಲ್ಲೇ ಮಹಾಸಭೆ ಸೇರಿಸಿ, ಫ್ರೆಡ್ರಿಕ್ ಇನ್ನು ಚಕ್ರವರ್ತಿ ಅಲ್ಲ ಅಂತ ಸಾರಿದರು. ಫ್ರೆಡ್ರಿಕ್ ಒಪ್ಪಿದನಾ? ಇಲ್ಲ. ಅವನ ಸೈನ್ಯ ಇಟಲಿಯಲ್ಲೇ ಇತ್ತು. ರೋಮ್‌ನಲ್ಲಿ ಪೋಪರ ಪ್ರತಿನಿಧಿಯಾಗಿ ಉಳಿದವರು ಕಾರ್ಡಿನಲ್ ಸ್ಟೆಫಾನೋ ಕೊಂತಿ. ಅವರ ವಾಸ ಈ ಕೋಟೆಯಂಥ ಮನೆಯಲ್ಲಿ. ಆ ಹೊತ್ತಿನಲ್ಲಿ ಅವರು ಬರೆಸಿದ್ದು ಈ ಗೋಡೆ. ಪೋಪ್ ಊರಲ್ಲಿಲ್ಲ, ಚಕ್ರವರ್ತಿ ಯಾರ ಮುಂದೆಯೂ ಬಾಗಿಲ್ಲ, ಹೊರಗೆ ಯುದ್ಧ. ಒಳಗೆ ಚಕ್ರವರ್ತಿ ಲಗಾಮು ಹಿಡಿದು ನಡೆಯುತ್ತಿದ್ದಾನೆ. ಇನ್ನೊಸೆಂಟ್ ಇಟಲಿಗೆ ತಿರುಗಿ ಬಂದಿದ್ದು 1251ರಲ್ಲಿ, ಫ್ರೆಡ್ರಿಕ್ ಸತ್ತ ಮೇಲೆ.

ಇದನ್ನು ತಿಳಿದುಕೊಂಡು ನೋಡಿದರೆ ಆ ಚಿತ್ರದ ಶಾಂತಿಯೇ ಬೇರೆ ಥರ ಕಾಣುತ್ತದೆ. ಹಕ್ಕು ಅತಿ ದೊಡ್ಡದಾಗಿ ಬರೆಯಲ್ಪಟ್ಟಿದ್ದು ಕೈಯಲ್ಲಿ ಬಲ ಅತಿ ಕಡಿಮೆ ಇದ್ದಾಗ. ನಾನು ಮತ್ತೆ ಪಾಠ ಮಾಡುವುದಾದರೆ ಇದೊಂದು ಮಾತನ್ನು ಮೊದಲು ಹೇಳಿ ಶುರು ಮಾಡುತ್ತೇನೆ.

ಆ ಹಕ್ಕಿಗೆ ಲ್ಯಾಟಿನ್‌ನಲ್ಲಿ ಒಂದು ಹೆಸರಿತ್ತು, ಪ್ಲೆನಿಟೂಡೊ ಪೊಟೆಸ್ಟಾಟಿಸ್, ಅಧಿಕಾರದ ಪೂರ್ಣತೆ. ಇದರ ಹುಟ್ಟಿನ ಕಥೆ ನನಗೆ ತುಂಬ ಇಷ್ಟ, ಸ್ವಲ್ಪ ಸಹಿಸಿಕೊಳ್ಳಿ. 446ರ ಸುಮಾರಿಗೆ ಪೋಪ್ ಮಹಾ ಲಿಯೋ ತೆಸಲೋನಿಕದ ಬಿಷಪ್ ಅನಸ್ತಾಸಿಯಸ್‌ಗೆ ಒಂದು ಖಾರವಾದ ಪತ್ರ ಬರೆದರು. ಅನಸ್ತಾಸಿಯಸ್ ಆ ಭಾಗದಲ್ಲಿ ಪೋಪರ ಪ್ರತಿನಿಧಿ. ಅವನು ಎಪಿರಸ್‌ನ ಒಬ್ಬ ಹಿರಿಯ ಬಿಷಪ್ಪರನ್ನು ಸರ್ಕಾರಿ ಆಳುಗಳಿಂದ ಎಳೆಸಿ, ಚಳಿಗಾಲದ ಹಿಮದಲ್ಲೇ ತನ್ನ ಮುಂದೆ ಬರಿಸಿಕೊಂಡಿದ್ದ. ಲಿಯೋಗೆ ಸಿಟ್ಟು ಬಂತು. ನಾನು ನಿನ್ನನ್ನು ಕರೆದದ್ದು ನನ್ನ ಕಾಳಜಿಯಲ್ಲಿ ಒಂದು ಪಾಲು ಹೊರುವುದಕ್ಕೆ, ಪೂರ್ಣ ಅಧಿಕಾರಕ್ಕಲ್ಲ ಅಂತ ಬರೆದರು. ಹಿಮದಲ್ಲಿ ಎಳೆಸಿಕೊಂಡ ಒಬ್ಬ ಬಿಷಪ್ಪರ ಪರವಾಗಿ, ಮಿತಿ ಮೀರಿದ ಅಧಿಕಾರಿಗೆ ಹೇಳಿದ ಮಾತು ಅದು.

ಅದೇ ಮಾತು 1140ರ ಸುಮಾರಿಗೆ ಗ್ರೇಷಿಯನ್ ಕೂಡಿಸಿದ ಧರ್ಮಸಭೆಯ ಕಾನೂನು ಪುಸ್ತಕಕ್ಕೆ ಬಂತು. ಆಮೇಲೆ ಅದರ ಅರ್ಥ ಬೆಳೆಯುತ್ತಾ ಹೋಯಿತು. ಎಲ್ಲ ಬಿಷಪ್ಪರಿಗೂ ಕಾಳಜಿಯ ಪಾಲು, ಪೋಪರಿಗೆ ಮಾತ್ರ ಪೂರ್ಣತೆ. ಪೋಪ್ ಮೂರನೇ ಇನ್ನೊಸೆಂಟ್ (1198ರಿಂದ 1216) ಇದನ್ನು ಮತ್ತೆ ಮತ್ತೆ ಹೇಳಿದರು, ಹೇಳಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸಿದರು. ಇಂಗ್ಲೆಂಡಿನ ರಾಜ ಜಾನ್ ತನ್ನ ರಾಜ್ಯವನ್ನೇ 1213ರಲ್ಲಿ ಪೋಪರಿಗೆ ಒಪ್ಪಿಸಿ ಅವರಿಂದ ಮರಳಿ ಪಡೆದ. ಎರಡು ವರ್ಷದ ಮೇಲೆ ಮ್ಯಾಗ್ನಾ ಕಾರ್ಟಾ ಬಂದಾಗ, ಅದು ಬಲವಂತದಿಂದ ಬರೆಸಿಕೊಂಡದ್ದು, ಚಲಾವಣೆ ಇಲ್ಲ ಅಂತ ರದ್ದು ಮಾಡಿದವರು ಇದೇ ಇನ್ನೊಸೆಂಟ್. ನಮ್ಮ ಪಠ್ಯಪುಸ್ತಕದಲ್ಲಿ ಮ್ಯಾಗ್ನಾ ಕಾರ್ಟಾ ಒಂದು ಅಧ್ಯಾಯದಲ್ಲಿ, ಪೋಪ್ ಇನ್ನೊಂದು ಅಧ್ಯಾಯದಲ್ಲಿ. ಎರಡನ್ನೂ ಸೇರಿಸಿ ಹೇಳುವವರು ಕಡಿಮೆ.

ರಾಜರ ವಿಷಯ ಬಿಡಿ, ಸಾಮಾನ್ಯ ಜನಕ್ಕೆ ಏನಾಯಿತು? ಯಾವುದೋ ಹಳ್ಳಿಯ ಪಾದ್ರಿ ತನ್ನ ಬಿಷಪ್ಪರ ತೀರ್ಪು ಸರಿಯಿಲ್ಲ ಅನ್ನಿಸಿದರೆ ನೇರ ರೋಮಿಗೆ ಅಪೀಲು ಹೋಗಬಹುದಿತ್ತು. ಅನ್ಯಾಯವಾದವನಿಗೆ ಅದು ನಿಜವಾದ ಆಸರೆ. ಆದರೆ ಅದೇ ದಾರಿಯಲ್ಲಿ ವಕೀಲರೂ ಬಂದರು, ಫೀಸೂ ಬಂತು, ಕೇಸು ಎಳೆಯುವವರೂ ಬಂದರು. ಕ್ಲೆರ್ವೋದ ಸಂತ ಬರ್ನಾರ್ಡ್ ತನ್ನ ಶಿಷ್ಯನೇ ಆಗಿದ್ದ ಪೋಪ್ ಮೂರನೇ ಯೂಜೀನ್‌ಗೆ ಬುದ್ಧಿ ಹೇಳುತ್ತಾ, ಪೂರ್ಣತೆಗೆ ಕರೆಯಲ್ಪಟ್ಟವರು ನೀವು ಅಂತ ಒಪ್ಪುತ್ತಲೇ, ನಿಮ್ಮ ಅರಮನೆಯಲ್ಲಿ ದಿನಾ ಮೊಳಗುವುದು ಜಸ್ಟಿನಿಯನ್ ಚಕ್ರವರ್ತಿಯ ಕಾನೂನು, ದೇವರ ಕಾನೂನಲ್ಲ ಅಂತ ನೊಂದು ಬರೆದರು. ಅಧಿಕಾರವನ್ನು ನಂಬಿದವರೇ ಅದರ ಬಳಕೆ ನೋಡಿ ಹೆದರಿದ್ದರು. 1265ರ ಹೊತ್ತಿಗೆ ಪೋಪ್ ನಾಲ್ಕನೇ ಕ್ಲೆಮೆಂಟ್, ಎಲ್ಲ ಚರ್ಚುಗಳ ಹುದ್ದೆ ಹಂಚುವ ಪೂರ್ಣ ಹಕ್ಕು ರೋಮಿನದು ಅಂತ ಆಜ್ಞೆ ಹೊರಡಿಸಿದರು. ದೂರದ ಯಾವುದೋ ಊರಿನ ಹುದ್ದೆಗೆ ಆ ಊರನ್ನೇ ನೋಡದ ಇಟಲಿಯವನು ನೇಮಕವಾಗುವುದು, ಆದಾಯ ಮಾತ್ರ ಇಲ್ಲಿಗೆ ಬರುವುದು. ಇದರ ಮೇಲೆ ಎಷ್ಟು ದೂರು ಬಂತು ಅಂತ ಬರೆದರೆ ವಿಮರ್ಶೆ ಮುಗಿಯುವುದಿಲ್ಲ.

ನಾನು ನಂಬಿಕೆ ಇರುವವಳು. ಪೋಪರಿಗೆ ಧರ್ಮಸಭೆಯಲ್ಲಿ ಪೂರ್ಣ ಅಧಿಕಾರ ಇದೆ ಅಂತ 1870ರ ಮೊದಲ ವ್ಯಾಟಿಕನ್ ಮಹಾಸಭೆಯೂ ಹೇಳಿದೆ, ಇವತ್ತಿನ ನಮ್ಮ ಕಾನೂನು ಸಂಹಿತೆಯೂ ಹೇಳುತ್ತದೆ. ರಾಜರನ್ನು ಇಳಿಸುವ ಮಾತು ಮಾತ್ರ ಈಗ ಯಾರೂ ಆಡುವುದಿಲ್ಲ. ಬೆಂಗಳೂರಿನ ಮಹಾಧರ್ಮಾಧ್ಯಕ್ಷರು ದೊಡ್ಡ ಪೂಜೆಗಳಲ್ಲಿ ಹೆಗಲ ಸುತ್ತ ಹಾಕುವ ಬಿಳಿ ಉಣ್ಣೆಯ ಪಟ್ಟಿ ನೋಡಿದ್ದೀರಲ್ವಾ, ಕಪ್ಪು ಶಿಲುಬೆ ಇರುವುದು? ಅದೇ ಪ್ಯಾಲಿಯಂ. 1215ರ ಲ್ಯಾಟರನ್ ಮಹಾಸಭೆ ಅದನ್ನು ಧರ್ಮಾಧ್ಯಕ್ಷ ಪದವಿಯ ಪೂರ್ಣತೆಯ ಗುರುತು ಅಂತ ಕರೆಯಿತು, ಅದನ್ನು ಕೊಡುವವರು ಪೋಪ್. ಆ ಮಹಾಸಭೆ ಸೇರಿದ ಲ್ಯಾಟರನ್ ಈ ಪ್ರಾರ್ಥನಾಲಯದಿಂದ ನಡೆದು ಹೋಗುವಷ್ಟು ಹತ್ತಿರ. ಟಿಯಾರಾ ಕಥೆ ಬೇರೆ ಥರ ಮುಗಿಯಿತು. ಪೋಪ್ ಆರನೇ ಪೌಲ್ 1963ರಲ್ಲಿ ಅದನ್ನು ಧರಿಸಿ ಪಟ್ಟಕ್ಕೆ ಬಂದರು, ಮರುವರ್ಷ ನವೆಂಬರ್‌ನಲ್ಲಿ ಬಡವರಿಗಾಗಿ ಅಂತ ತೆಗೆದು ಸಂತ ಪೇತ್ರರ ಮಹಾದೇವಾಲಯದ ಪೀಠದ ಮೇಲೆ ಇಟ್ಟುಬಿಟ್ಟರು. ಅವರ ನಂತರದ ಯಾವ ಪೋಪರಿಗೂ ಕಿರೀಟಧಾರಣೆ ಆಗಿಲ್ಲ. ನಮ್ಮ ಅಮ್ಮ ಆ ಸುದ್ದಿ ಚರ್ಚಿನಲ್ಲಿ ಫಾದರ್ ಓದಿದ್ದನ್ನು ಆಗಾಗ ನೆನೆಸಿಕೊಳ್ಳುತ್ತಿದ್ದರು. ಈ ಗೋಡೆಯ ಮೇಲಿನ ಟಿಯಾರಾ ನೋಡುವಾಗ ನನಗೆ ಅದು ಸಂತೋಷ ಕೊಟ್ಟಿತು. ಚಿತ್ರ ಅಳಿಸಲಿಲ್ಲ, ಮುಚ್ಚಿಡಲಿಲ್ಲ, ಕಿರೀಟ ಮಾತ್ರ ತೆಗೆದರು. ಹಳೆಯದನ್ನು ಹೀಗೆ ಇಟ್ಟುಕೊಳ್ಳುವುದು ಪ್ರಾಮಾಣಿಕವಾದ ರೀತಿ ಅಂತ ನನ್ನ ಅಭಿಪ್ರಾಯ.

ಇನ್ನು ಉಳಿದದ್ದು. ಚರ್ಚಿನ ಪಕ್ಕ ಹದಿಮೂರನೇ ಶತಮಾನದ ಪುಟ್ಟ ಅಂಗಳ ಇದೆ. ಸುತ್ತ ಜೋಡಿ ಕಂಬಗಳ ಸಾಲು, ನಡುವೆ ನೀರಿನ ತೊಟ್ಟಿ. ಏರು ಹತ್ತಿ ಬಂದವರಿಗೆ ಕೂರಲು ಒಳ್ಳೆಯ ಜಾಗ. ಮೇಲಂತಸ್ತಿನಲ್ಲಿ ಗಾಥಿಕ್ ಹಾಲ್ ಅಂತ ಕರೆಯುವ ದೊಡ್ಡ ಕೋಣೆ. ಅದರ ಗೋಡೆ ಚಿತ್ರಗಳು ಸುಣ್ಣದ ಕೆಳಗೆ ಮರೆಯಾಗಿದ್ದವು, 1990ರ ದಶಕದಲ್ಲಿ ಹೊರಗೆ ಬಂದವು. ಹನ್ನೆರಡು ತಿಂಗಳ ಕೆಲಸಗಳು, ಸದ್ಗುಣಗಳು, ತೀರ್ಪು ಹೇಳುವ ಬೈಬಲಿನ ರಾಜ ಸೊಲೊಮೋನ್. ಕಾರ್ಡಿನಲ್ ಇಲ್ಲಿ ನ್ಯಾಯ ತೀರ್ಮಾನ ಮಾಡುತ್ತಿದ್ದಿರಬೇಕು ಅನ್ನುತ್ತಾರೆ, ಸೊಲೊಮೋನ್ ಇರುವುದನ್ನು ನೋಡಿದರೆ ನನಗೂ ಹೌದು ಅನ್ನಿಸುತ್ತದೆ. ಆದರೆ ಅದಕ್ಕೆ ಮುಂಚಿತವಾಗಿ ಬುಕ್ ಮಾಡಬೇಕು, ಕೆಲವೇ ದಿನ ತೋರಿಸುತ್ತಾರೆ. ವಿಮಾನ ಹತ್ತುವ ಮೊದಲೇ ಇದರ ಟಿಕೆಟ್ ನೋಡಿಕೊಳ್ಳಿ, ರೋಮಿಗೆ ಬಂದ ಮೇಲೆ ಹುಡುಕಿದರೆ ಸಿಗುವುದು ಕಷ್ಟ.

ಪ್ರಾರ್ಥನಾಲಯಕ್ಕೆ ಬೆಳಿಗ್ಗೆ ಹೋಗಿ. ಮಧ್ಯಾಹ್ನ ಮುಚ್ಚುತ್ತಾರೆ, ಭಾನುವಾರ ಮತ್ತು ಹಬ್ಬದ ದಿನ ಸಮಯ ಬೇರೆ, ಹೋಗುವ ಮುನ್ನ ವಿಚಾರಿಸಿಕೊಳ್ಳಿ. ಮಠ ಅನ್ನುವುದು ನೆನಪಿರಲಿ. ತೋಳು ಮುಚ್ಚುವ ಬಟ್ಟೆ, ಮೆಲ್ಲಗೆ ಮಾತು. ಸಿಸ್ಟರ್‌ಗಳ ಪ್ರಾರ್ಥನೆ ನಡೆಯುತ್ತಿದ್ದರೆ ಚರ್ಚಿನಲ್ಲಿ ಕೂತು ಕೇಳಿ, ಅದಕ್ಕೆ ಬೇರೆ ಟಿಕೆಟ್ ಇಲ್ಲ. ಒಳಗೆ ಬೆಳಕು ಮಂದ, ಕಣ್ಣು ಹೊಂದಿಕೊಳ್ಳುವವರೆಗೆ ಕಾಯಿರಿ. ಚಿಕ್ಕ ಮಕ್ಕಳಿಗೆ ಕಥೆ ಹೇಳುತ್ತಾ ತೋರಿಸಿದರೆ ಇಷ್ಟಪಡುತ್ತಾರೆ, ಕುಷ್ಠದ ಚುಕ್ಕೆಯಿಂದ ಶುರು ಮಾಡಿ.

ಇದು ಇಷ್ಟವಾಗಿ ಮುಂದಿನ ಕಥೆ ಬೇಕು ಅನ್ನಿಸಿದವರು ಅನಾಗ್ನಿಗೆ ಹೋಗಬಹುದು. ರೋಮಿನಿಂದ ಆಗ್ನೇಯಕ್ಕೆ ಸುಮಾರು ಅರವತ್ತು ಕಿಲೋಮೀಟರ್, ರೈಲು ಇದೆ. ಆದರೆ ಸ್ಟೇಷನ್ ಕೆಳಗೆ ಕಣಿವೆಯಲ್ಲಿ, ಊರು ಬೆಟ್ಟದ ಮೇಲೆ. ಬಸ್ಸಿನ ಸಮಯ ನೋಡಿಕೊಳ್ಳದಿದ್ದರೆ ಅರ್ಧ ದಿನ ಹೋಗುತ್ತದೆ. ಪೋಪ್ ಎಂಟನೇ ಬೋನಿಫಾಸ್ ಆ ಊರಿನವರು. ಪೋಪರಿಗೆ ಅಧೀನವಾಗಿರುವುದು ಪ್ರತಿ ಮನುಷ್ಯನ ರಕ್ಷಣೆಗೆ ಅಗತ್ಯ ಅಂತ 1302ರ ನವೆಂಬರ್‌ನಲ್ಲಿ ಬರೆದವರು ಅವರು. ಹತ್ತು ತಿಂಗಳಿಗೆ, 1303ರ ಸೆಪ್ಟೆಂಬರ್ 7ರಂದು, ಫ್ರಾನ್ಸಿನ ರಾಜನ ಆಳು ನೊಗರೆ ಮತ್ತು ಅವರ ವೈರಿ ಮನೆತನದ ಸ್ಕಿಯಾರಾ ಕೊಲೊನ್ನಾ ಸೈನಿಕರ ಜೊತೆ ನುಗ್ಗಿ ಅವರನ್ನು ಅವರ ಊರಲ್ಲೇ ಹಿಡಿದರು. ಊರಿನ ಜನ ಎದ್ದು ಬಿಡಿಸಿದರು, ಆದರೂ ಅವರು ಚೇತರಿಸಿಕೊಳ್ಳಲಿಲ್ಲ, ಅಕ್ಟೋಬರ್ 11ಕ್ಕೆ ರೋಮಿನಲ್ಲಿ ತೀರಿಕೊಂಡರು. ಅರಮನೆಯೂ ಇದೆ, ಮಹಾದೇವಾಲಯದ ನೆಲಮಾಳಿಗೆಯ ಚಿತ್ರಗಳಂತೂ ಅದ್ಭುತ. ಅದಕ್ಕೆ ಬೇರೆಯೇ ವಿಮರ್ಶೆ ಬರೆಯುತ್ತೇನೆ.

ಒಂದೇ ದಿನ ಇರುವವರು ಅನಾಗ್ನಿ ಬಿಡಿ, ಇಲ್ಲಿಗೆ ಬನ್ನಿ. ಬೆಳಿಗ್ಗೆ ಮೊದಲು ಲ್ಯಾಟರನ್, ಅಲ್ಲಿಂದ ಇಳಿಜಾರಿನಲ್ಲಿ ಇಲ್ಲಿಗೆ, ಆಮೇಲೆ ಸಾನ್ ಕ್ಲೆಮೆಂತೆ. ಈ ಕ್ರಮದಲ್ಲಿ ಬಂದರೆ ಏರು ಹತ್ತುವ ಕಷ್ಟವೂ ತಪ್ಪುತ್ತದೆ.